ಮಾಳಿಗೆಯ ಮೇಲಿನ ಹಿಮ್ಮಡಿ

ಘಾಟಬೋರಾಳದ ಪಂಡರಿ ಕುರಿ ಕಾಯುವವನು. ಬೇಸಿಗೆಯ ಎರಡು ತಿಂಗಳು ಮಾತ್ರ ಮಾಳಿಗೆಗಳಿಗೆ ಮಣ್ಣು ಹಾಕುತ್ತಿದ್ದ. ನಮ್ಮ ಕಡೆಯ ಹಳೆಯ ಮನೆಗಳಿಗೆ ಕಲ್ಲುಮಣ್ಣಿನ ದಪ್ಪ ಗೋಡೆ, ಮೇಲೆ ತೊಲೆ, ತೊಲೆಯ ಮೇಲೆ ಹಲಗೆ, ಹಲಗೆಯ ಮೇಲೆ ಬಿಳಿಮಣ್ಣು. ಮಳೆಗಾಲದಲ್ಲಿ ಸೋರಿದರೆ ಮುಂದಿನ ಬೇಸಿಗೆಗೆ ಇನ್ನೊಂದು ಪದರ. ಹಳೆಯದನ್ನು ಯಾರೂ ತೆಗೆಯುವುದಿಲ್ಲ. ಅಜ್ಜ ಹಾಕಿಸಿದ ಮಣ್ಣಿನ ಮೇಲೆ ಅಪ್ಪನದು, ಅದರ ಮೇಲೆ ಮಗನದು. ಹಾಕಿದ ಮೇಲೆ ಪಂಡರಿ ಹಿಮ್ಮಡಿಯಿಂದ ಗುದ್ದುತ್ತ ಮಾಳಿಗೆಯುದ್ದಕ್ಕೂ ನಡೆಯುತ್ತಿದ್ದ. ಆ ಸಪ್ಪಳದಿಂದಲೇ ತೊಲೆ ಎಲ್ಲಿದೆ, ಯಾವುದಕ್ಕೆ ಹುಳ ಬಿದ್ದಿದೆ ಎಂದು ಹೇಳುತ್ತಿದ್ದ. ಹುಮನಾಬಾದಿನಲ್ಲಿ ವೈದ್ಯೆಯಾದ ನನ್ನ ದವಾಖಾನೆಯ ಮಾಳಿಗೆಯನ್ನೂ ಅವನೇ ತುಳಿದದ್ದು.

ಅವನ ತಂಗಿ ಜಿಜಾಬಾಯಿಯನ್ನು ಗಡಿಯಾಚೆ ಮರಾಠಿ ನಾಡಿನಲ್ಲಿ, ಉಮರ್ಗಾ ದಾಟಿದ ಮೇಲೆ ಬರುವ ಒಂದು ಹಳ್ಳಿಗೆ ಕೊಟ್ಟಿದ್ದರು. ೧೯೯೨ರ ಮಳೆಗೆ ಆ ಮನೆ ಸೋರಿತು. ಅವಳ ಅತ್ತೆ ಬಿಡಲಿಲ್ಲ.

"ನಿಮ್ಮಣ್ಣ ಊರ ಮಂದಿ ಮಾಳಗಿ ಎಲ್ಲಾ ತುಳೀತಾನ. ತಂಗಿ ಮನಿ ಅಷ್ಟ ಕಾಣಂಗಿಲ್ಲೇನು?"

ಮುಂದಿನ ಮೇ ತಿಂಗಳಲ್ಲಿ ಪಂಡರಿ ಹೋಗಿ ಒಂದಲ್ಲ, ಎರಡು ಪದರ ಹಾಕಿ ಬಂದ.

೧೯೯೩ರ ಸೆಪ್ಟೆಂಬರ್ ಮೂವತ್ತರ ನಸುಕಿನಲ್ಲಿ ಭೂಮಿ ನಡುಗಿತು. ಹುಮನಾಬಾದಿನಲ್ಲಿ ಪಾತ್ರೆಗಳು ಉರುಳಿದವು, ಕೆಲವು ಗೋಡೆಗಳು ಬಿರಿದವು. ಗಡಿಯಾಚೆ ಊರಿಗೆ ಊರೇ ನೆಲಕ್ಕೆ ಬಿದ್ದಿದೆ ಎಂಬ ಸುದ್ದಿ ಬೆಳಗಿನ ಬಸ್ಸಿನವರಿಂದ ಬಂತು. ಕುರಿ ಮಾರಲು ಹಿಂದಿನ ಸಂಜೆಯೇ ಪೇಟೆಗೆ ಬಂದಿದ್ದ ಪಂಡರಿ ಲಾರಿ ಚಾಲಕ ವಜೀರನ ಮುಂದೆ ಹೋಗಿ ನಿಂತ. ವಜೀರ್ ಏನನ್ನೂ ಕೇಳದೆ ಹೇರಿದ್ದ ಚೀಲಗಳನ್ನು ರಸ್ತೆಗೆ ಇಳಿಸಿದ. ಪಕ್ಕದ ಹುಡಗಿ ಎಂಬ ಊರಿನ ಹತ್ತಾರು ಜನ ಹತ್ತಿದರು. ಔಷಧಿ ಪೆಟ್ಟಿಗೆಯೊಂದಿಗೆ ನಾನು ಮುಂದೆ ಕೂತೆ. ಬಸವಕಲ್ಯಾಣಕ್ಕೆ ಹೊರಳುವ ಸಸ್ತಾಪುರ ಬಂಗ್ಲಾದ ಹತ್ತಿರ ದಿಗಂಬರ ಎಂಬ ವ್ಯಾಪಾರಿ ಅಂಗಡಿಯ ಬುಟ್ಟಿ, ಸಲಿಕೆಗಳನ್ನೆಲ್ಲ ಹೊರಗಿಟ್ಟುಕೊಂಡು ಕಾಯುತ್ತಿದ್ದ. ಅವನ್ನೂ ಹಾಕಿಕೊಂಡೆವು.

"ಇನ್ನಷ್ಟು ಜೋರ ಹೊಡಿ," ಎಂದ ಪಂಡರಿ.

"ಇದು ನಿನ್ನ ಕುರಿ ಅಲ್ಲಪಾ, ಬಡದ್ರ ಓಡಾಕ," ಎಂದ ವಜೀರ್. ಆದರೂ ಜೋರಾಗಿಯೇ ಹೊಡೆದ.

ನಾವು ಮುಟ್ಟಿದಾಗ ಹತ್ತು ಗಂಟೆ. ಆ ಊರಲ್ಲಿ ಓಣಿ ಯಾವುದು, ಮನೆ ಯಾವುದು ತಿಳಿಯುತ್ತಿರಲಿಲ್ಲ. ಜಿಜಾಬಾಯಿಯ ಗಂಡ ಕಾಶಿರಾಮ ಅಂಗಳದಲ್ಲಿ ಮಲಗಿದ್ದರಿಂದ ಉಳಿದಿದ್ದ. ಬರಿಗೈಯಿಂದ ಮಣ್ಣು ಕೆದರುತ್ತಿದ್ದ.

"ಅವ್ವ, ಜಿಜಾ, ಇಬ್ರೂ ಒಳಗದಾರ," ಎಂದ.

ಪಂಡರಿ ಗುಡ್ಡೆಯನ್ನು ಹತ್ತಿದ. ತೊಲೆ ಎಲ್ಲಿದೆ ಎಂದು ನೋಡಲು ಅವನಿಗೆ ಗೊತ್ತಿದ್ದದ್ದು ಒಂದೇ ವಿದ್ಯೆ. ಹಿಮ್ಮಡಿಯಿಂದ ಒಂದು ಗುದ್ದಿದ, ಎರಡು, ಮೂರು. ನಾಲ್ಕನೆಯದಕ್ಕೆ ಕೆಳಗಿನಿಂದ ಕೆಮ್ಮು ಕೇಳಿಸಿತು. ಮಣ್ಣು ಸುರಿದ ಸದ್ದಾಯಿತು. ಕೆಮ್ಮು ನಿಂತಿತು.

"ಇಳಿಯೋ, ಕೆಳಗ ಇಳಿ," ಎಂದು ಕಾಶಿರಾಮ ಒದರಿದ.

ಪಂಡರಿ ಕಾಲು ಎತ್ತಲೂ ಹೆದರಿದ. ನಿಧಾನವಾಗಿ ಹೊಟ್ಟೆಯ ಮೇಲೆ ಮಲಗಿ, ಅಂಗೈಗಳ ಮೇಲೆ ಭಾರ ಹಾಕುತ್ತ, ತೆವಳಿಕೊಂಡು ಅಂಚಿಗೆ ಬಂದ. ಅಷ್ಟು ದೂರಕ್ಕೆ ಎಷ್ಟು ಹೊತ್ತು ಹಿಡಿಯಿತೋ ಹೇಳಲಾರೆ.

ಆಮೇಲೆ ಅವನು ಯಾರನ್ನೂ ಮೇಲೆ ಹತ್ತಗೊಡಲಿಲ್ಲ. ಅಂಚಿನಲ್ಲಿ ನಿಂತು ಕೈಗೆಟುಕುವ ಮಣ್ಣನ್ನು ಬುಟ್ಟಿಗೆ ತುಂಬಿಸಿದ. ಲಾರಿಯಲ್ಲಿ ಬಂದವರು, ಆ ಊರಿನವರು ಸಾಲಾಗಿ ನಿಂತು ಕೈಯಿಂದ ಕೈಗೆ ದಾಟಿಸಿದರು. ಇವರದು ಕನ್ನಡ, ಅವರದು ಮರಾಠಿ; ಬುಟ್ಟಿಗೆ ಎರಡೂ ಬೇಕಿರಲಿಲ್ಲ. ನಡುವೆ ಮಣ್ಣು ಎತ್ತುವ ಯಂತ್ರವೊಂದು ಬಂತು. ತೊಲೆಗೆ ಸರಪಳಿ ಹಾಕಿ ಎಳೆದುಬಿಡುತ್ತೇನೆ ಎಂದ ಅದರ ಚಾಲಕ.

"ತೊಲಿ ಎಳದ್ರ ಮಣ್ಣೆಲ್ಲ ಒಳಗ ಹೋಗ್ತದ," ಎಂದ ಪಂಡರಿ.

"ಹಂಗಾದ್ರ ಸಂಜಿತನ ಬುಟ್ಟಿ ಹೊರು."

"ಹೊರತೀನಿ."

ಒಳಗಿನಿಂದ ಮತ್ತೆ ದನಿ ಬಂದಿರಲಿಲ್ಲ. ಸತ್ತವಳಿಗಾಗಿ ಇಷ್ಟು ಜನರನ್ನು ಹಿಡಿದಿಟ್ಟಿದ್ದಾನೆ ಎಂದು ಸಾಲಿನಲ್ಲಿ ಯಾರೋ ಗೊಣಗಿದರು. ನನಗೂ ಹಾಗೇ ಅನಿಸಿತ್ತು. ಎರಡು ಗಂಟೆಯ ಸುಮಾರಿಗೆ ಗೋಡೆಯ ಗೂಡಿನ ಪಕ್ಕ ಕಿಂಡಿ ಬಿತ್ತು. ಅದರಲ್ಲಿ ಒಂದು ಕೈ ಕಂಡಿತು. ನಾಡಿ ಹಿಡಿದೆ. ಇತ್ತು.

ಜಿಜಾಬಾಯಿಯನ್ನು ಹೊರಗೆ ತೆಗೆದಾಗ ಬಲಗಾಲು ಜಜ್ಜಿಹೋಗಿತ್ತು. ನೀರು ಕುಡಿದು ಅಣ್ಣನ ಮುಖ ನೋಡಿದಳು.

"ಅಣ್ಣಾ, ಈ ವರ್ಷ ಸೋರಲಿಲ್ಲ," ಎಂದಳು.

ಅತ್ತೆಯ ಹೆಣ ಪಕ್ಕದಲ್ಲೇ ಇತ್ತು. ಬಾಯಿಯಲ್ಲಿ ಮಣ್ಣು. ಪಂಡರಿ ಆ ಬಾಯಿಯನ್ನೇ ನೋಡುತ್ತ ನಿಂತ. ಮೈ ಸೆಟೆದಿದೆ, ಜೀವ ಹೋಗಿ ಬಹಳ ಹೊತ್ತಾಗಿದೆ, ನಿನ್ನ ಕಾಲಿನಿಂದಲ್ಲ ಎಂದು ನಾನು ಹೇಳಿದೆ. ಸಮಾಧಾನಕ್ಕಾಗಿ ಮಾತಾಡುವವಳು ನಾನಲ್ಲ ಎಂಬುದು ಹುಮನಾಬಾದಿಗೆಲ್ಲ ಗೊತ್ತು. ಅವನೊಬ್ಬ ನಂಬಲಿಲ್ಲ.

ಅಂದಿನಿಂದ ಅವನು ಯಾವ ಮಾಳಿಗೆಗೂ ಮಣ್ಣು ಹಾಕಲಿಲ್ಲ. ಭಾರ ಇಳಿಯಲಿ, ಹಳೆಯ ಪದರಗಳನ್ನು ತೆಗೆಸಿರಿ ಎಂದು ಮನೆಮನೆಗೆ ಹೋದ. ನಮ್ಮ ಓಣಿಯ ಲಲಿತಾಬಾಯಿ ಬಾಗಿಲಲ್ಲೇ ನಿಲ್ಲಿಸಿದಳು.

"ನಮ್ಮ ಮಾಳಗಿ ಬೋಳಸಾಕ ಬಂದೀಯೇನು? ನಮ್ಮ ಯಜಮಾನ್ರು ಇನ್ನಾ ಬದುಕ್ಯಾರ."

ಮೊದಲು ತೆಗೆಸಿದವಳು ನಾನು. ಆ ಮಳೆಗಾಲ ದವಾಖಾನೆಯಲ್ಲಿ ಬಕೆಟ್ ಇಟ್ಟುಕೊಂಡೆ. ಮೂರನೆಯ ವರ್ಷ ಲಲಿತಾಬಾಯಿಯೂ ಅವನನ್ನು ಕರೆಸಿದಳು.

೨೦೦೬ರಲ್ಲಿ ಗಡಿಯ ಎರಡೂ ಬದಿಯ ಅಧಿಕಾರಿಗಳು ಬಸವಕಲ್ಯಾಣದ ಹೊರಗೊಂದು ಬಯಲಿನಲ್ಲಿ ಕೂಡಿದರು. ಭೂಕಂಪವಾದರೆ ಆಚೆಯವರು ಈಚೆಗೆ, ಈಚೆಯವರು ಆಚೆಗೆ ಅಪ್ಪಣೆಗೆ ಕಾಯದೆ ಬರಬೇಕು; ಯಾರಲ್ಲಿ ಲಾರಿ ಇದೆ, ಯಾರಲ್ಲಿ ಯಂತ್ರ ಇದೆ ಎಂಬ ಪಟ್ಟಿ ಎರಡೂ ಕಡೆ ಇರಬೇಕು. ಅದಕ್ಕೊಂದು ತಾಲೀಮು. ತೊಲೆ, ಕಲ್ಲು, ಮಣ್ಣಿನ ಗುಡ್ಡೆ ಮಾಡಿ ಒಳಗೊಂದು ಬಟ್ಟೆಯ ಗೊಂಬೆ ಇಟ್ಟಿದ್ದರು. ಅನುಭವವಿದ್ದವರು ಎಂದು ಪಂಡರಿಯನ್ನೂ ಜಿಜಾಬಾಯಿಯನ್ನೂ ಕರೆದಿದ್ದರು. ಅವಳು ಊರುಗೋಲು ಹಿಡಿದು ಬಂದಿದ್ದಳು.

ಸೀಟಿ ಊದಿದ ಕೂಡಲೇ ತಂಡದ ಮೂವರು ಬೂಟುಗಾಲಲ್ಲಿ ಗುಡ್ಡೆ ಹತ್ತಿದರು. ಪಂಡರಿ ಎದ್ದ. ಅಲ್ಲೇ ನಿಂತುಬಿಟ್ಟ.

ಜಿಜಾಬಾಯಿ ಕುಳಿತಲ್ಲಿಂದಲೇ ಕೂಗಿದಳು. "ಕೆಳಗ ಇಳೀರಿ. ನೀವು ಹೆಜ್ಜಿ ಇಟ್ಟಂಗೆಲ್ಲ ಒಳಗಿದ್ದವರ ಬಾಯಾಗ ಮಣ್ಣು ಬೀಳತದ."

ಅವರು ಇಳಿದರು. ಪಂಡರಿ ತಂಗಿಯ ಪಕ್ಕ ಕೂತ.

"ಅತ್ತಿ ಬಾಯಾಗ ಬಿದ್ದಂಗ," ಎಂದ.

"ಅತ್ತಿ ಮೊದಲ ಹೋಗಿದ್ಲು. ನನ್ನ ಕೈ ಅಕಿ ಕೈಮ್ಯಾಲಿತ್ತು, ನೀ ಬರೂಕಿಂತ ಮೊದಲ ಥಂಡ ಆಗಿತ್ತು. ಕೆಮ್ಮಿದಾಕಿ ನಾ. ನೀ ತುಳಿದದ್ದು ನನ್ನ."

"ಇಷ್ಟು ವರ್ಷ ಯಾಕ ಹೇಳಲಿಲ್ಲ?"

"ನೀ ಕೇಳಲಿಲ್ಲ."

ಅಧಿಕಾರಿ ಮತ್ತೆ ಸೀಟಿ ಬಾಯಿಗಿಟ್ಟಿದ್ದರು. "ತಡೀರಿ ಸಾಹೇಬ್ರ," ಎಂದು ಪಂಡರಿ ಚಪ್ಪಲಿ ಬಿಟ್ಟು ಗುಡ್ಡೆಯ ಅಂಚಿಗೆ ಹೋದ. ಮೊಣಕಾಲೂರಿ ಕುಳಿತು, ಬುಟ್ಟಿ ಕೊಡಿರಿ ಎಂದು ಹಿಂದಕ್ಕೆ ಕೈ ಚಾಚಿದ.