ಆಣೆ ಇದ್ದ ಮನೆಯ ಮ್ಯಾಕರಾನ್

ಬಸುರಿ ಹೆಂಗಸು ಏನು ಕೇಳಿದರೂ ಇಲ್ಲ ಎನ್ನಬಾರದು ಎಂಬುದು ನಮ್ಮ ಮನೆಯ ಕಟ್ಟಳೆ. ಏಳನೇ ತಿಂಗಳ ಸೀಮಂತವನ್ನು ನಾವು ಬಯಕೆ ಎಂದೇ ಕರೆಯುವುದು. ನನ್ನನ್ನು ಹೊತ್ತಾಗ ಅಮ್ಮ ಹೊಳೆಯ ಚಿಪ್ಪು ಮರುವಾಯಿಯ ಸುಕ್ಕ ಕೇಳಿದ್ದಳಂತೆ. ನಾನು ಹಲಸಿನ ಗಟ್ಟಿ ಕೇಳಿದ್ದೆ, ಅದೂ ಹಲಸಿಲ್ಲದ ಕಾಲದಲ್ಲಿ. ಹೆರಿಗೆಗೆಂದು ದುಬೈಯಿಂದ ಮಂಗಳೂರಿನ ಕಾವೂರಿಗೆ ಬಂದಿಳಿದ ನನ್ನ ಮಗಳು ಕೇಳಿದ್ದು ಮ್ಯಾಕರಾನ್. ಫ್ರೆಂಚರ ತಿಂಡಿ, ಬಣ್ಣಬಣ್ಣದ ಎರಡು ಪುಟ್ಟ ಬಿಲ್ಲೆ, ನಡುವೆ ಕ್ರೀಮು. ಅಲ್ಲಿ ಅವಳ ಗೆಳತಿಯರ ಪಾರ್ಟಿಗಳಲ್ಲೆಲ್ಲ ಅದನ್ನು ಗೋಪುರದ ಹಾಗೆ ಜೋಡಿಸಿ ಇಡುತ್ತಾರಂತೆ. ತನ್ನ ಬಯಕೆಗೂ ಅದೇ ಬೇಕು ಎಂದು ಹಟ ಹಿಡಿದಳು.

ಹುಡುಕುವ ಕೆಲಸ ನನ್ನ ತಲೆಗೆ ಬಂತು. ಹಂಪನಕಟ್ಟೆಯ ಒಂದು ಬೇಕರಿಯವರು ಮೊಬೈಲಿನಲ್ಲಿ ಫೋಟೋ ನೋಡಿ, ಇದು ತಿನ್ನುವುದೋ ಮೈಗೆ ಹಚ್ಚಿ ಮೀಯುವುದೋ ಎಂದು ಕೇಳಿದರು. ಇನ್ನೊಬ್ಬರು ತೆಂಗಿನಕಾಯಿ ಬಿಸ್ಕತ್ತಿಗೆ ಗುಲಾಬಿ ಕ್ರೀಮು ಮೆತ್ತಿ, ಇದೇ ಅದು ಎಂದು ಸಾಧಿಸಿದರು. ಬೆಂಗಳೂರಿನಿಂದ ತರಿಸಿದರೆ ಶಿರಾಡಿ ಘಾಟಿ ಇಳಿಯುವಾಗಲೇ ಪುಡಿಯಾಗುತ್ತದೆ ಎಂದು ಮತ್ತೊಬ್ಬರು ಹೆದರಿಸಿದರು. ಬಿಸಿಲಲ್ಲಿ ಅಲೆದು ನನಗೆ ಸಿಟ್ಟು ನೆತ್ತಿಗೇರಿತ್ತು. ಕೊನೆಗೆ ಮಗಳೇ ಮೊಬೈಲು ಜಾಲಾಡಿ, ಕೊಟ್ಟಾರದಲ್ಲಿ ಮನೆಯಲ್ಲೇ ಮಾಡಿ ಕೊಡುವವರೊಬ್ಬರನ್ನು ಪತ್ತೆ ಹಚ್ಚಿದಳು. ಮಾಡುವವರ ಹೆಸರಿಲ್ಲ, ಮುಖವಿಲ್ಲ, ಬರೀ ತಟ್ಟೆಗಳ ಚಿತ್ರ. ಬಸುರಿ ಮಗಳ ಬಯಕೆಗೆ ಬೇಕು, ಆದರೆ ರುಚಿ ನೋಡದೆ ಆರ್ಡರ್ ಕೊಡುವವಳಲ್ಲ ಎಂದು ನಾನು ಮೆಸೇಜು ಹಾಕಿದೆ. ವಿಳಾಸ ಕೇಳಿದರು, ಕೊಟ್ಟೆ. ಮರುದಿನ ಒಂದು ಪೆಟ್ಟಿಗೆ ಮನೆಗೆ ಬಂತು.

ಬಾಯಿಗಿಟ್ಟವಳು ಬೆಚ್ಚಿದೆ. ಮೇಲಿನ ತೆಳು ಪದರ ಹಲ್ಲು ತಾಗಿದ್ದೇ ಒಡೆಯಿತು, ಒಳಗಿನ ಬಾದಾಮಿ ಕರಗಿಯೇ ಹೋಯಿತು. ಇಂಥದ್ದು ನಮ್ಮ ಕೊಟ್ಟಾರದಲ್ಲಿ ತಯಾರಾಗುತ್ತದೆ ಎಂದರೆ ನಂಬುವುದು ಹೇಗೆ? ಎಂಬತ್ತು ದಾಟಿದ ಅಮ್ಮನಿಗೂ ಕೊಟ್ಟೆ. ಹಲ್ಲಿಲ್ಲದ ಬಾಯಿಗೆ ಹೇಳಿ ಮಾಡಿಸಿದ ತಿಂಡಿ. ಒಂದು ತಿಂದಳು, ಮತ್ತೊಂದಕ್ಕೆ ಕೈ ಚಾಚಿದಳು. ಇನ್ನೊಬ್ಬರ ಅಡುಗೆಯನ್ನು ಹೊಗಳಿ ಗೊತ್ತೇ ಇಲ್ಲದ ಹೆಂಗಸು, ಮಾಡಿದವಳ ಕೈ ಒಳ್ಳೆಯದು ಎಂದಳು. ಬಣ್ಣ ಆರಿಸಿ ಆರ್ಡರ್ ಕೊಡಲು ನಾನು ರಿಕ್ಷಾ ಹತ್ತಿ ಕೊಟ್ಟಾರಕ್ಕೆ ಹೋದೆ.

ಫ್ಲ್ಯಾಟಿನ ಬಾಗಿಲು ತೆರೆದವಳು ನನ್ನ ಚಿಕ್ಕಮ್ಮನ ಮಗಳು.

ಅಮ್ಮನಿಗೆ ಇದ್ದದ್ದು ಒಬ್ಬಳೇ ತಂಗಿ, ಈ ಚಿಕ್ಕಮ್ಮ. ಕುಟುಂಬದ ಮನೆ ಪಾಲಾದಾಗ ಚಿಕ್ಕಮ್ಮ ತನ್ನ ಪಾಲನ್ನು ಹೊರಗಿನವರಿಗೆ ಮಾರಿದಳು. ಅವರು ಕಟ್ಟಿದ ಗೋಡೆ ನಮ್ಮ ದೈವದ ಗುಡಿಗೆ ಹೋಗುವ ದಾರಿಗೇ ಅಡ್ಡ ಬಂತು. ಅಮ್ಮ ಸುಮ್ಮನಿರುವವಳೇ? ಅದೇ ದೈವದ ಎದುರು ನಿಂತು, ಇನ್ನು ತಂಗಿಯ ಮನೆಯ ಅನ್ನ ನೀರು ಮುಟ್ಟುವುದಿಲ್ಲ ಎಂದು ಆಣೆ ಹಾಕಿದಳು. ಚಿಕ್ಕಮ್ಮನೂ ಬಿಡದೆ ತಿರುಗಿ ಆಣೆ ಹಾಕಿದಳು. ಆಣೆ ಇರುವ ಮನೆಗಳ ನಡುವೆ ಮದುವೆಗೆ ಹೇಳಿಕೆಯಿಲ್ಲ, ಸಾವಿಗೆ ಸುದ್ದಿಯಿಲ್ಲ. ಬಿಡಿಸಬೇಕಾದರೆ, ಹಾಕಿದ ಇಬ್ಬರೂ ಆ ದೈವದ ಎದುರೇ ಬಂದು ಒಬ್ಬರ ಕೈಯಿಂದ ಇನ್ನೊಬ್ಬರು ನೀರು ಕುಡಿಯಬೇಕು. ಹಾಗೆ ಬಿಡಿಸದೆ ಮುರಿದರೆ ದೋಷ ಮನೆಯ ಮಕ್ಕಳಿಗೆ ತಾಗುತ್ತದೆ ಎಂದು ನಂಬಿಕೆ. ತಂಗಿಯೇ ಮೊದಲು ಬರಲಿ ಎಂದು ಅಮ್ಮ ಕಾದಳು. ಚಿಕ್ಕಮ್ಮ ಮಗಳೊಟ್ಟಿಗೆ ಮುಂಬೈ ಸೇರಿದಳು. ಅಮ್ಮ ಆಮೇಲೂ ಕಾಯುತ್ತಲೇ ಇದ್ದಳು.

ಈಗ ಅದೇ ಅಮ್ಮ ಆ ಮನೆಯ ತಿಂಡಿಯನ್ನು ಚಪ್ಪರಿಸಿ ತಿಂದು ಕೂತಿದ್ದಾಳೆ. ಬಸುರಿ ಮಗಳು ಎಷ್ಟು ತಿಂದಳೋ ದೇವರೇ ಬಲ್ಲ.

ಬಾಗಿಲು ತೆರೆದ ನನ್ನ ಈ ತಂಗಿ ಮಾತ್ರ ನಿನ್ನೆ ಮೊನ್ನೆ ಕಂಡವಳ ಹಾಗೆ ಒಳಗೆ ಕರೆದಳು. ನನ್ನ ಕಾಲು ತಾನಾಗಿ ಅವಳ ಹಿಂದೆ ಹೋಯಿತು. ಮಂಗಳೂರಿನ ತೇವದ ಗಾಳಿಗೆ ಅಡುಗೆಮನೆಯಲ್ಲಿಟ್ಟರೆ ಬಿಲ್ಲೆಗಳ ಮೇಲೆ ಪದರ ಕಟ್ಟುವುದಿಲ್ಲವಂತೆ. ಅದಕ್ಕೆ ಬೇಯಿಸುವ ಮೊದಲು ಎಸಿ ಇರುವ ಕೋಣೆಯಲ್ಲಿ ಒಣಗಲು ಇಡುತ್ತಾಳಂತೆ. ಹೇಳುತ್ತಲೇ ಆ ಕೋಣೆಯ ಬಾಗಿಲು ದೂಡಿದಳು. ಮಂಚದಲ್ಲಿ ಹಾಸಿಗೆ ಇರಲಿಲ್ಲ, ಹಲಗೆಯ ತುಂಬ ತಟ್ಟೆಗಳು. ಗುಲಾಬಿ, ಹಸಿರು, ಹಳದಿ. ನಾನು ತಲೆ ಎತ್ತಿದೆ. ಗೋಡೆಯ ಮೇಲೆ ಚಿಕ್ಕಮ್ಮನ ಫೋಟೋ ಇತ್ತು. ಅದಕ್ಕೆ ಗಂಧದ ಹಾರ ಹಾಕಿದ್ದರು.

ನಾನು ಅಲ್ಲೇ ನೆಲದಲ್ಲಿ ಕುಳಿತುಬಿಟ್ಟೆ. ಶಾಲೆಗೆ ಹೋಗುವಾಗ ನನ್ನ ತಲೆ ಬಾಚಿ ಎರಡು ಜಡೆ ಹಾಕುತ್ತಿದ್ದವಳು ಚಿಕ್ಕಮ್ಮ. ಅಮ್ಮ ಹೊಡೆಯಲು ಬಂದರೆ ನಾನು ಅಡಗುತ್ತಿದ್ದದ್ದು ಅವಳ ಸೆರಗಿನ ಹಿಂದೆ. ಹೋದ ವರ್ಷ ಮುಂಬೈಯ ಆಸ್ಪತ್ರೆಯಲ್ಲಿ ತೀರಿಕೊಂಡಳಂತೆ. ಆಮೇಲೆ ಅಲ್ಲಿ ಒಬ್ಬಳೇ ಇರಲಾರದೆ ತಂಗಿ ಊರಿಗೆ ಬಂದದ್ದಂತೆ. ಒಂದು ಮಾತು ಹೇಳಬೇಕೆಂದು ಅನ್ನಿಸಲಿಲ್ಲವೇ ಎಂದು ಕೇಳಿದೆ. ಆಣೆ ಇರುವ ಮನೆಗೆ ಹೇಗೆ ಹೇಳುವುದು ಎಂದು ಅವಳು ನನ್ನನ್ನೇ ಕೇಳಿದಳು. ಹಾಗಾದರೆ ತಿಂಡಿ ಹೇಗೆ ಕಳಿಸಿದೆ, ವಿಳಾಸ ನೋಡುವಾಗ ಗೊತ್ತಾಗಲಿಲ್ಲವೇ ಎಂದೆ.

“ಗೊತ್ತಾಯ್ತು. ಮೆಸೇಜಿನಲ್ಲಿ ನಿನ್ನ ಫೋಟೋವೂ ಇತ್ತಲ್ಲ,” ಎಂದಳು. “ಅಕ್ಕಾ, ಆಣೆ ಹಾಕಿದ್ದು ಅವರಿಬ್ಬರು, ನಾನಲ್ಲ. ದೊಡ್ಡಮ್ಮ ನನ್ನ ಕೈಯದ್ದು ಒಂದಾದ್ರೂ ತಿನ್ಲಿ ಅಂತ ಕಳ್ಸಿದೆ.”

ಗೊತ್ತಿದ್ದೂ ಕಳಿಸಿದಳು! ನನ್ನ ದುಃಖವೆಲ್ಲ ಸಿಟ್ಟಾಗಿ ಉಕ್ಕಿತು. ಮನೆಯಲ್ಲಿ ಬಸುರಿ ಇದ್ದಾಳೆ ಎಂಬ ಪ್ರಜ್ಞೆ ಬೇಡವೇ ಎಂದು ಬಾಯಿಗೆ ಬಂದ ಹಾಗೆ ಬೈದೆ. ಬೈದು ಸುಸ್ತಾಗಿ ಎದ್ದವಳನ್ನು ತಂಗಿ ಲಿಫ್ಟಿನವರೆಗೆ ಬಂದು ಬೀಳ್ಕೊಟ್ಟಳು. ಬಣ್ಣ ಆರಿಸುವುದು ನನಗೆ ನೆನಪೇ ಆಗಲಿಲ್ಲ.

ಮನೆಗೆ ಬಂದು ಮೊದಲು ಮಗಳಿಗೆ ಹೇಳಿದೆ. ದೈವ, ಆಣೆ ಎಂದರೆ ನಗುವ ಹುಡುಗಿ ಆ ಹೊತ್ತು ನಗಲಿಲ್ಲ. ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು, ತನಗೆ ಮ್ಯಾಕರಾನ್ ಬೇಡವೇ ಬೇಡ, ಅಜ್ಜಿಗೆ ಇದು ತಿಳಿಯುವುದೂ ಬೇಡ ಎಂದಳು. ಆದರೆ ತೀರಿಹೋದ ತಂಗಿ ಇಂದಲ್ಲ ನಾಳೆ ಬರುತ್ತಾಳೆ ಎಂದು ಅಮ್ಮ ಕಾಯುವುದನ್ನು ನೋಡುತ್ತ ಕೂರುವುದು ನನ್ನಿಂದಾಗದ ಮಾತು. ಸಂಜೆ ಅಮ್ಮನ ಬಳಿ ಕೂತು ಎಲ್ಲ ಹೇಳಿದೆ. ತಿಂಡಿಯ ವಿಷಯ ಮೊದಲು, ಚಿಕ್ಕಮ್ಮನ ವಿಷಯ ಕೊನೆಗೆ.

ಅಮ್ಮ ಗೋಡೆ ಹಿಡಿದು ಎದ್ದು ಬಚ್ಚಲಿಗೆ ಹೋದಳು. ಬಿಸಿನೀರು ಕೊಡುತ್ತೇನೆ ಎಂದರೂ ನಿಲ್ಲಲಿಲ್ಲ. ನಮ್ಮಲ್ಲಿ ಸಾವಿನ ಸುದ್ದಿ ತಡವಾಗಿ ಕೇಳಿದರೂ, ಕೇಳಿದ ಕೂಡಲೇ ಒಡಹುಟ್ಟಿದವರು ತಲೆಗೆ ತಣ್ಣೀರು ಹೊಯ್ದುಕೊಳ್ಳುವ ಕ್ರಮ. ಆಣೆ ಇರುವ ಮನೆಯ ಸಾವಿಗೆ ಯಾರೂ ಮೀಯುವುದಿಲ್ಲ. ಅಮ್ಮ ಮಿಂದಳು. ಬಚ್ಚಲಿನ ಬಾಗಿಲಲ್ಲಿ ನಿಂತು ಆ ನೀರಿನ ಸದ್ದು ಕೇಳುತ್ತ ನಾನು ಗಳಗಳ ಅತ್ತುಬಿಟ್ಟೆ. ಇನ್ನು ಆಣೆ ಮುಗಿದ ಹಾಗೆ ಎಂದು ಒಳಗೊಳಗೇ ಸಮಾಧಾನವೂ ಆಯಿತು.

ಹೊರಗೆ ಬಂದ ಅಮ್ಮ, ಗೊತ್ತಿಲ್ಲದೆ ತಿಂದದ್ದಕ್ಕೆ ದೈವಕ್ಕೆ ತಪ್ಪುಕಾಣಿಕೆ ತೆಗೆದಿಟ್ಟಳು. ಒದ್ದೆ ಕೂದಲಲ್ಲೇ ನನ್ನನ್ನು ಕರೆದಳು.

“ಅವಳ ಮಗಳನ್ನು ಬಯಕೆಗೆ ಕರಿ. ತಿಂಡಿ ಅವಳೇ ಮಾಡ್ಲಿ. ನೀವೆಲ್ಲ ತಿನ್ನಿ, ನೀವು ಆಣೆ ಹಾಕಿದವರಲ್ಲ.”

“ನೀನು?” ಎಂದೆ.

“ನನ್ನದು ಬಿಡಿಸ್ಲಿಕ್ಕೆ ಇನ್ನು ಜನ ಎಲ್ಲುಂಟು? ಅದು ನನ್ನೊಟ್ಟಿಗೇ ಹೋಗ್ಲಿ. ಮಗುವಿಗೆ ತಾಗುದು ಬೇಡ.”

ಇದೆಂಥ ಹೆಂಗಸು ಎಂದು ನಾನು ದಂಗಾದೆ. ವಾದ ಮಾಡಿ ನೋಡಿದೆ, ಮಗಳಿಂದ ಹೇಳಿಸಿದೆ. ಅಮ್ಮ ಜಗ್ಗಲಿಲ್ಲ.

ಬಯಕೆಯ ದಿನ ತಂಗಿ ಬೆಳಗ್ಗೆಯೇ ಬಂದು ಗೋಪುರ ಜೋಡಿಸಿದಳು. ನೆಂಟರೆಲ್ಲ ಫೋಟೋ ತೆಗೆದದ್ದೇ ತೆಗೆದದ್ದು. ಮಗಳು ಆಸೆ ತೀರ ತಿಂದಳು. ಅಮ್ಮ ತನ್ನ ತಂಗಿಯ ಮಗಳನ್ನು ಪಕ್ಕದಲ್ಲೇ ಕೂರಿಸಿಕೊಂಡು ಅವಳ ಕೈ ಹಿಡಿದಿದ್ದಳು. ಮಧ್ಯಾಹ್ನದ ಸೆಕೆಗೆ ಅಮ್ಮನಿಗೆ ಕೆಮ್ಮು ಬಂತು. ತಂಗಿ ಮತ್ತೊಂದು ಕೈಯಿಂದ ಮೇಜಿನ ಮೇಲಿದ್ದ ನೀರಿನ ಲೋಟ ಎತ್ತಿ ಅಮ್ಮನ ಬಾಯಿಯ ಹತ್ತಿರ ಹಿಡಿದಳು. ಅಮ್ಮ ತನ್ನ ಆಣೆ ಉಳಿಸಿಕೊಂಡದ್ದು ಗೊತ್ತಿದ್ದ ನಾವಿಬ್ಬರೂ, ಮಗಳು ಮತ್ತು ನಾನು, ಕೈಯಲ್ಲಿದ್ದದ್ದನ್ನು ಬಿಟ್ಟು ಅತ್ತ ತಿರುಗಿದೆವು. ಅಮ್ಮ ಕೆಮ್ಮುತ್ತಲೇ ಲೋಟವನ್ನು ನೋಡಿದಳು, ಆಮೇಲೆ ತಂಗಿಯ ಮುಖವನ್ನು.

“ನಿನ್ನಮ್ಮ ಬರ್ಬೇಕಿತ್ತು ಮಗಾ,” ಎಂದಳು.

ಲೋಟ ಮುಟ್ಟಲಿಲ್ಲ. ಹಿಡಿದಿದ್ದ ಕೈಯನ್ನು ಸಂಜೆಯವರೆಗೂ ಬಿಡಲಿಲ್ಲ.