ಟಿಕೆಟ್ ಕೊಂಡು ತಂದ ಗಂಗೆ

ನಾನು ನಿಂತಿದ್ದದ್ದು ದೋಣಿಯ ಹಿಂಬದಿಯಲ್ಲಿ, ಚಾವಣಿಯ ಎಡಗಡೆಯ ಕಬ್ಬಿಣದ ಕಂಬವನ್ನು ಹಿಡಿದುಕೊಂಡು. ಹೋದ ಬೇಸಿಗೆಯ ಒಂದು ಶನಿವಾರ, ಸಂಜೆ, ಆ ದಿನದ ಕೊನೆಯ ಸುತ್ತು. ಸೂರ್ಯ ಇನ್ನೂ ಹೆಬ್ಬಾಳದ ಫ್ಲೈಓವರಿನ ಮೇಲೆ ಇದ್ದ. ಕತ್ತಲಲ್ಲಿ ನಿನಗೇನು ಕಂಡೀತು ಎಂದು ಯಾರೂ ನನ್ನ ಮಾತನ್ನು ತಳ್ಳಿಹಾಕುವಂತಿಲ್ಲ. ಎಲ್ಲರೂ ಕೂತಿದ್ದಾಗ ನೀನೊಬ್ಬ ಯಾಕೆ ನಿಂತಿದ್ದೆ ಎಂದು ಕೇಳುವವರಿದ್ದಾರೆ. ನನ್ನ ಪಾಲಿನ ಸೀಟು ಒದ್ದೆಯಾಗಿತ್ತು. ಅಷ್ಟೇ ಕಾರಣ. ಅದು ಒಣಗಿದ್ದರೆ ನಾನೂ ಕೂತಿರುತ್ತಿದ್ದೆ, ಮುಂದಿನ ಸಾಲಿನ ಬೆನ್ನುಗಳನ್ನು ಬಿಟ್ಟು ಏನನ್ನೂ ನೋಡುತ್ತಿರಲಿಲ್ಲ, ಸಾಕ್ಷಿ ಹೇಳುವ ಪ್ರಸಂಗವೂ ಬರುತ್ತಿರಲಿಲ್ಲ.

ದೋಣಿಯಲ್ಲಿ ಇದ್ದವರು ಇಷ್ಟು: ಮೋಟಾರಿನ ಹತ್ತಿರ ದೋಣಿ ನಡೆಸುವವನು, ಮುಂದಿನ ಸಾಲಿನಲ್ಲಿ ನನ್ನ ಅಕ್ಕ, ಅಕ್ಕನ ಪಕ್ಕದಲ್ಲಿ ಅವಳ ಬೀಗಿತ್ತಿ, ಎಂದರೆ ಗಂಡಿನ ತಾಯಿ, ಅವರ ಎದುರಿಗೆ ಮದುಮಗಳು, ಹಿಂದೆ, ಮದುಮಗಳ ಸೋದರಮಾವನಾದ ನಾನು. ದೋಣಿ ಹತ್ತಲು ಕಾರಣವೇನೆಂದು ಮೊದಲು ಹೇಳಬೇಕು.

ನಾವು ಕೋಗಿಲಿನ ಹಳೆಯ ಮನೆಗಳವರು. ನಮ್ಮಲ್ಲಿ ಮದುವೆಯ ಚಪ್ಪರ ಏಳುವ ಮೊದಲು ಎರಡು ಕೆಲಸ ಆಗಲೇಬೇಕು. ಹೊಲದ ಬದುವಿನ ಈರಗಾರಪ್ಪನಿಗೆ ಕುಂಕುಮವಿಟ್ಟು, ತಂಬಿಟ್ಟಿನ ಎಡೆ ತೋರಿಸಿ, ಹೀಗೆ ಹೀಗೆ ಮದುವೆ ಎಂದು ಹೇಳಿ ಬರಬೇಕು. ಆಮೇಲೆ ಕೆರೆಯಿಂದ ಗಂಗೆಯನ್ನು ತುಂಬಿ ತರಬೇಕು. ಈರಗಾರಪ್ಪ ಎಂದರೆ ಒಂದು ವೀರಗಲ್ಲು. ಬಿಲ್ಲು ಹಿಡಿದ ಒಬ್ಬ ಗಂಡಸು, ಅವನ ಕಾಲ ಬಳಿ ಎರಡು ದನ. ಹೊಲ ಸೈಟುಗಳಾದಾಗ ಆ ಕಲ್ಲನ್ನು ಒಂದು ಚಿಕ್ಕ ಮ್ಯೂಸಿಯಮ್ಮಿನವರು ಒಯ್ದು ನಿಲ್ಲಿಸಿಕೊಂಡರು. ನಮ್ಮ ಕಡೆಯ ಕೆರೆಗಳಿಗೆ ಸುತ್ತಲೂ ತಂತಿಬೇಲಿ ಬಂತು. ಹೀಗಾಗಿ ದೇವರಿಗೂ ಟಿಕೆಟ್ಟು, ಗಂಗೆಗೂ ಟಿಕೆಟ್ಟು. ಬೇಲಿ ದಾಟಿ ನೀರು ಮುಟ್ಟಲು ನಮಗೆ ಉಳಿದಿದ್ದ ದಾರಿ ಒಂದೇ, ಬೋಟಿಂಗ್. ಭಾನುವಾರ ಬೆಳಿಗ್ಗೆ ಚಪ್ಪರದವರು ಬರುವವರಿದ್ದರು. ಶನಿವಾರ ಒಂದೇ ದಿನದಲ್ಲಿ ಎರಡನ್ನೂ ಬೀಗರಿಗೆ ತಿಳಿಯದ ಹಾಗೆ ಗುಟ್ಟಾಗಿ ಮುಗಿಸಿಬಿಡುವುದು ಅಕ್ಕನ ಲೆಕ್ಕಾಚಾರ.

ಹುಡುಗಿ ತನ್ನ ಹುಡುಗನಿಗೆ ಫೋನಿನಲ್ಲಿ "ಮ್ಯೂಸಿಯಂ, ಆಮೇಲೆ ಬೋಟಿಂಗ್" ಎಂದಷ್ಟೇ ಹೇಳಿದಳು. ಅವನು ಅದನ್ನು ತಾಯಿಗೆ ಹೇಳಿದ. ತಾಯಿ ಅರ್ಧ ಗಂಟೆಯಲ್ಲಿ ಅಕ್ಕನಿಗೆ ಫೋನ್ ಮಾಡಿದರು.

"ಏನ್ರೀ, ನಮ್ಮನ್ನ ಬಿಟ್ಟು ಟ್ರಿಪ್ಪಾ? ಹುಟ್ಟಿದಾಗಿಂದ ಬೆಂಗಳೂರಲ್ಲೇ ಇದ್ದೀನಿ, ಒಂದ್ಸಲನೂ ದೋಣಿ ಹತ್ತಿಲ್ಲ. ನಾನೂ ಬರ್ತೀನಿ!"

ಅಕ್ಕ ಫೋನಿಟ್ಟು ನೆಲದ ಮೇಲೆ ಕೂತುಬಿಟ್ಟಳು. ಬೀಗಿತ್ತಿ ಆರ್.ಟಿ. ನಗರದ ಹಳೆಯ ಲೇಔಟಿನವರು, ಕೈ ಬಿಚ್ಚಿ ಕೊಡುವವರು, ಬಾಯಿ ತುಂಬ ಮಾತಾಡುವವರು. ಆದರೆ ಶಕುನದ ವಿಷಯದಲ್ಲಿ ಅವರದು ಕಠಿಣ. ಇದಕ್ಕೆ ಹಿಂದೆ ಮಗನಿಗೆ ಒಂದು ಸಂಬಂಧ ಬಂದು, ಹೆಣ್ಣು ನೋಡಿ ಹಿಂದಿರುಗುವಾಗ ಗೊರಗುಂಟೆಪಾಳ್ಯದ ಸಿಗ್ನಲ್ಲಿನಲ್ಲಿ ಕಾರು ಪಂಕ್ಚರ್ ಆಯಿತಂತೆ. ಟೈರು ಬದಲಾಯಿಸುವುದರೊಳಗೆ ಸಂಬಂಧ ಬೇಡವೆಂದು ಹೇಳಿ ಕಳಿಸಿದ್ದರು.

"ಮಾಮ, ನೋಡ್ಕೋ," ಎಂದು ಹುಡುಗಿ ಕಾರು ಹತ್ತುವಾಗ ನನ್ನ ಕಿವಿಯಲ್ಲಿ ಹೇಳಿದಳು. "ಏನಾದ್ರೂ ಬೀಳೋದು, ಒಡೆಯೋದು ಆದ್ರೆ ನನ್ನ ಮದ್ವೆ ಅಲ್ಲಿಗೇ ಮುಗೀತು. ಅವನನ್ನ ಬಿಟ್ಟು ಬೇರೆ ಯಾರನ್ನೂ ನಾನು ಮಾಡ್ಕೊಳಲ್ಲ, ಗೊತ್ತಲ್ಲ?"

ಗೊತ್ತಿತ್ತು. ಅಲ್ಲಿಂದ ಮುಂದೆ ನಾನು ಕಣ್ಣು ಮಿಟುಕಿಸಿದ್ದು ಕಡಿಮೆ.

ಮ್ಯೂಸಿಯಮ್ಮಿನಲ್ಲಿ ಬೀಗಿತ್ತಿ ಹಳೆಯ ತಕ್ಕಡಿಗಳನ್ನು ನೋಡುತ್ತಾ ಆ ತುದಿಯಲ್ಲಿದ್ದರು. ಈ ತುದಿಯಲ್ಲಿ ಅಕ್ಕ ಈರಗಾರಪ್ಪನ ಮುಂದೆ ಕಟ್ಟಿದ್ದ ಹಗ್ಗದ ಕೆಳಗೆ ಕೈ ತೂರಿಸಿದ್ದಳು. ಕಾವಲಿನವನು ಓಡಿಬಂದ.

"ಅಮ್ಮಾ, ಮುಟ್ಟಂಗಿಲ್ಲ."

"ನಮ್ಮನೆ ದ್ಯಾವ್ರು ಕಣಪ್ಪ."

"ಇಲ್ಲಿರೋವೆಲ್ಲಾ ಯಾರ್ದೋ ಮನೆ ದ್ಯಾವ್ರೇ ಅಮ್ಮಾ. ಮೊನ್ನೆ ಯಾರೋ ಒಬ್ರು ಎಣ್ಣೆ ಅಚ್ಚಿ ಓದ್ರು. ಸಾಹೇಬ್ರು ಉಗ್ದಿದ್ದು ನಂಗೆ."

"ಒಂದು ಚೂರು ಕುಂಕ್ಮ."

"ಕ್ಯಾಮೆರಾ ಐತಮ್ಮ ಮೇಲೆ."

ಅಕ್ಕ ಮೇಲೆ ನೋಡಿದಳು, ಕಲ್ಲನ್ನು ನೋಡಿದಳು, ಅವನನ್ನು ನೋಡಿದಳು. "ದಿನಾ ಬೆಳಗಿಂದ ಸಂಜೆಗಂಟ ಇವ್ನ ಪಕ್ದಾಗೆ ನಿಂತಿರೋನು ಯಾರು?"

"ನಾನೇ."

"ಅಂಗಾರೆ ಇವ್ನ ಪರವಾಗಿ ನೀನೇ ಇಸ್ಕೋ. ಮುಟ್ಬ್ಯಾಡಿ ಅಂತ ಬೋರ್ಡು ಕಲ್ಲಿಗೆ ತಾನೆ ಆಕಿರೋದು, ನಿಂಗಲ್ವಲ್ಲ."

ಅವನು ಉತ್ತರ ಹುಡುಕುವುದರೊಳಗೆ ಅವನ ಹಣೆಗೆ ಕುಂಕುಮ ಬಿದ್ದಾಗಿತ್ತು. ತಂಬಿಟ್ಟಿನ ಉಂಡೆಯನ್ನು ಅವನು ಎರಡೂ ಕೈಯಲ್ಲಿ ತೆಗೆದುಕೊಂಡ. ಕ್ಯಾಮೆರಾಕ್ಕೆ ಬೆನ್ನು ಹಾಕಿ ತಿಂದ. ಅಕ್ಕ ಮುಹೂರ್ತ ಹೇಳಿದಳು, ಛತ್ರದ ವಿಳಾಸ ಹೇಳಿದಳು, "ತಪ್ಪಿಸ್ಕೋಬ್ಯಾಡ, ನಿಂತು ನಡೆಸ್ಕೊಡಬೇಕು" ಎಂದಳು. ಅವಳ ಕಣ್ಣು ಆಗ ಯಾರ ಮೇಲಿತ್ತು, ಕಲ್ಲಿನ ಮೇಲೋ ಅವನ ಮೇಲೋ, ಖಚಿತವಾಗಿ ಹೇಳಲಾರೆ. ನನಗೆ ಅವಳ ಬೆನ್ನು ಮಾತ್ರ ಕಾಣುತ್ತಿತ್ತು. ಅವನಂತೂ ತಲೆಯಾಡಿಸಿದ.

"ಅವರ್ಯಾರು, ನಿಮ್ಮ ಕಡೆಯವರಾ?" ಎಂದು ಬೀಗಿತ್ತಿ ದೂರದಿಂದ ಕೇಳಿದರು.

"ಹೂಂ ಆಂಟಿ," ಎಂದಳು ಹುಡುಗಿ, "ತುಂಬಾ ಹಳೇ ಪರಿಚಯ."

ಅಲ್ಲಿಂದ ಕೆರೆಗೆ ಬಂದೆವು. ರೇಷ್ಮೆ ಸೀರೆಗಳ ಮೇಲೆ ಕಿತ್ತಳೆ ಬಣ್ಣದ ಲೈಫ್ ಜಾಕೆಟ್ ತೊಡಿಸುವುದಕ್ಕೆ ಹಿಡಿದಷ್ಟು ಹೊತ್ತು ದೋಣಿ ಸುತ್ತುವುದಕ್ಕೂ ಹಿಡಿಯುವುದಿಲ್ಲ. ಬೀಗಿತ್ತಿ ಕಪ್ಪು ಕನ್ನಡಕ ಹಾಕಿಕೊಂಡಿದ್ದರು. ನಡುನೀರಿಗೆ ಬಂದಾಗ ಅಕ್ಕ ಚೀಲದಿಂದ ಹಿತ್ತಾಳೆಯ ಚೊಂಬನ್ನು ಈಚೆ ತೆಗೆದಳು. ಅದರ ಕುತ್ತಿಗೆಗೆ ಅರಿಸಿನದ ಕೊಂಬು ಕಟ್ಟಿತ್ತು. ಇನ್ನು ಮುಚ್ಚಿಡುವುದಕ್ಕೆ ಏನೂ ಉಳಿಯಲಿಲ್ಲ.

"ಅಯ್ಯೋ, ಗಂಗೆ ಪೂಜೆನಾ?" ಬೀಗಿತ್ತಿ ಕನ್ನಡಕವನ್ನು ಹಣೆಗೇರಿಸಿದರು. "ಮೊದ್ಲೇ ಹೇಳ್ಬಾರ್ದಾ ರೀ? ನಾನೂ ತಲೆಗೆ ಒಂದು ಹನಿ ಹಾಕ್ಕೋತೀನಿ!"

ಇನ್ನು ಮುಂದಿನದನ್ನು ನಿಧಾನವಾಗಿ ಹೇಳುತ್ತೇನೆ. ಅಕ್ಕ ನೀರಿಗೆ ಅರಿಸಿನ ಕುಂಕುಮ ಬಿಟ್ಟಳು. ಬಲಗೈಯಿಂದ ಚೊಂಬನ್ನು ಮುಳುಗಿಸಿ ತುಂಬಿದಳು. ಬೀಗಿತ್ತಿ "ಇದನ್ನ ಒಂಚೂರು ಹಿಡ್ಕೊಳ್ಳಿ" ಎಂದು ತಮ್ಮ ಫೋನನ್ನು ಅಕ್ಕನ ಎಡಗೈಗೆ ಕೊಟ್ಟರು. ಕೊಟ್ಟು ಬಲಗಡೆಗೆ ಬಗ್ಗಿದರು. ಅವರು ಮೈ ಕೈ ತುಂಬಿಕೊಂಡವರು. ದೋಣಿಯೂ ಬಲಗಡೆಗೆ ಬಗ್ಗಿತು. ಮೊದಲು ಅವರ ಕನ್ನಡಕ ನೀರಿಗೆ ಹೋಯಿತು, ಆಮೇಲೆ ಮೊಣಕೈ, ಭುಜ, ಸೆರಗು. ತಲೆಯೂ ಇನ್ನೇನು ಹೋಗುವುದರಲ್ಲಿತ್ತು. ನನ್ನ ಬಾಯಿಂದ ಒಂದು ಸದ್ದು ಹೊರಟಿತು, ಅದು ಪದವಾಗಿರಲಿಲ್ಲ. ಮರುಗಳಿಗೆ ಅವರು ದೋಣಿಯ ನೆಲದ ಮೇಲೆ ಕೂತಿದ್ದರು, ಮೊಣಕಾಲು ಮೇಲೆ ಮಾಡಿಕೊಂಡು, ಸೆರಗಿನಿಂದ ನೀರು ಸುರಿಸುತ್ತಾ.

"ಏನ್ ಮೇಡಂ ನೀವು! ಆರೋಕ್ ಬಂದಿದ್ರಾ?" ದೋಣಿಯವನು ಕಿರುಚಿದ. "ಇನ್ಯಾರೂ ಆಚೆ ಕೈ ಆಕಂಗಿಲ್ಲ. ಕುಂತ್ಕಳಿ ಯಜಮಾನ್ರೆ, ನಿಮ್ಗೇ ಏಳ್ತಿರೋದು!" ಅವನು ದೋಣಿಯನ್ನು ದಡದ ಕಡೆಗೆ ತಿರುಗಿಸಿಬಿಟ್ಟ.

ಬೀಗಿತ್ತಿಗೆ ಉಸಿರು ಬಂದಿತು. "ನನ್ನನ್ನ ಹಿಂದಿನಿಂದ ಎಳೆದು ಕೆಡವಿದ್ದು ಯಾರು?" ಎಂದರು. ಅವರ ಕಣ್ಣು ಅಕ್ಕನ ಬಲಗೈಗೆ ಹೋಯಿತು. "ಕಳಶ ಎಲ್ಲಿ?"

ನೀರಿನ ಮೇಲೆ ಅರಿಸಿನದ ಬಣ್ಣ ಮಾತ್ರ ತೇಲುತ್ತಿತ್ತು.

"ಬಿದ್ದುಹೋಯ್ತಾ? ಮದ್ವೆ ಕಳಶ ನೀರಿಗೆ ಬಿತ್ತು ಅಂದ್ರೆ..." ಎಂದವರು ಅಲ್ಲಿಗೇ ನಿಲ್ಲಿಸಿದರು. ಹುಡುಗಿಯ ಮುಖ ನೋಡಿದೆ. ಪಂಕ್ಚರ್ ಆದ ಟೈರೇ ಸಾಕಾಗಿತ್ತು ಇವರಿಗೆ, ಇದು ಕಳಶ. ಬೀಗಿತ್ತಿ ನನ್ನ ಕಡೆ ತಿರುಗಿದರು. "ನೀವು ನಿಂತಿದ್ರಿ. ನೀವು ಸುಳ್ಳು ಹೇಳೋರಲ್ಲ ಅಂತ ಎಲ್ಲಾರೂ ಅಂತಾರೆ. ನಿಮ್ಮಕ್ಕನ ಕೈ ಜಾರಿ ಬಿತ್ತಾ?"

ಕಂಡದ್ದನ್ನು ಕಂಡ ಕ್ರಮದಲ್ಲಿ ಹೇಳಿದೆ.

"ಅಕ್ಕನ ಬಲಗೈಯಲ್ಲಿ ಕಳಶ ಇತ್ತು. ಎಡಗೈಯಲ್ಲಿ ನಿಮ್ಮ ಫೋನ್ ಇತ್ತು. ನೀವು ನೀರಿಗೆ ಹೋಗ್ತಾ ಇದ್ರಿ. ಅಕ್ಕ ಬಲಗೈ ನೋಡ್ಕೊಂಡ್ಳು. ಎಡಗೈನೂ ನೋಡ್ಕೊಂಡ್ಳು. ಆಮೇಲೆ ಕಳಶ ಬಿಟ್ಟು ನಿಮ್ಮ ಜಾಕೆಟ್ಟಿನ ಪಟ್ಟಿ ಹಿಡಿದ್ಳು. ಜಾರಲಿಲ್ಲ. ಬೆರಳು ಬಿಚ್ಚಿದ್ದು ನಾನು ನೋಡಿದೆ."

"ಫೋನು?"

ಅಕ್ಕ ಎಡಗೈ ಚಾಚಿದಳು. ಫೋನಿನ ಮೇಲೆ ಒಂದು ಹನಿಯೂ ಇರಲಿಲ್ಲ. ಬೀಗಿತ್ತಿ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು, ಬಟನ್ ಒತ್ತಿ ನೋಡಿದರು.

"ಅಲ್ರೀ, ಫೋನ್ ಬಿಟ್ಟು ಕಳಶ ಇಟ್ಕೋಬಾರ್ದಿತ್ತಾ?"

"ಫೋನ್ ಬಿಟ್ಟಿದ್ರೆ ನೀವು ಇಷ್ಟೊತ್ಗೆ ಸಂಬಂಧ ಬಿಟ್ಟಿರ್ತಿದ್ರಿ," ಎಂದಳು ಅಕ್ಕ.

ಮೊದಲು ನಕ್ಕದ್ದು ದೋಣಿಯವನು. ಅವನಾದ ಮೇಲೆ ಬೀಗಿತ್ತಿಯೇ ನಕ್ಕರು, ಹೊಟ್ಟೆ ಹಿಡಿದುಕೊಂಡು; ದೋಣಿ ಮತ್ತೆ ಅಲ್ಲಾಡಿತು. "ಕೈ ಜಾರಿದ್ರೆ ಅಪಶಕುನ," ಎಂದು ತೀರ್ಪು ಕೊಟ್ಟರು. "ಬೇಕಂತ್ಲೇ ಬಿಟ್ರೆ ಲೆಕ್ಕಕ್ಕಿಲ್ಲ." ಇಂಥದೊಂದು ಶಾಸ್ತ್ರ ಎಲ್ಲಿಯಾದರೂ ಇದೆಯೋ ಇಲ್ಲವೋ, ನಾನು ಕೇಳಲು ಹೋಗಲಿಲ್ಲ.

ಈಗ ಅಳಲು ಶುರುಮಾಡಿದವಳು ಅಕ್ಕ.

"ನಿಮ್ದೇನೋ ಸರಿ ಓಯ್ತು. ನಂದು? ಗಂಗಮ್ಮ ಮನೆಗೆ ಬರ್ಲಿಲ್ಲ. ಬರಿಗೈಲಿ ಓಗಿ ಚಪ್ರ ಎಂಗ್ ಆಕ್ಸಲಿ? ನಮ್ಮವ್ವ ಆಕ್ಸಲಿಲ್ಲ, ನಾನೂ ಆಕ್ಸಾಕಿಲ್ಲ."

ಅವಳು ಹಟ ಹಿಡಿದರೆ ಏನಾಗುತ್ತದೆಂದು ನನಗೆ ಗೊತ್ತು. ಇನ್ನೊಮ್ಮೆ ನೀರು ಎತ್ತಿಕೊಳ್ಳಲು ಬಿಡಪ್ಪಾ ಎಂದು ಕೇಳಿದೆ. ದೋಣಿಯವನು ಕಿವಿಗೆ ಹಾಕಿಕೊಳ್ಳಲಿಲ್ಲ. ದಡದಲ್ಲಿ ಎತ್ತರದ ಕಾಂಕ್ರೀಟು ಕಟ್ಟೆ, ಅದರ ಮೇಲೆ ಬೇಲಿ. ಅದು ಹತ್ತಿರ ಬರುತ್ತಿತ್ತು.

"ಅಳ್ಬೇಡಿ, ಇಲ್ಲಿ ನೋಡಿ," ಎಂದರು ಬೀಗಿತ್ತಿ. ತಮ್ಮ ಸೆರಗನ್ನು ಎರಡು ಕೈಯಲ್ಲಿ ಎತ್ತಿ ಹಿಡಿದಿದ್ದರು. ಅದು ತೊಟ್ಟಿಕ್ಕುತ್ತಿತ್ತು. "ಇದರಲ್ಲಿರೋದು ಯಾವ ನೀರು? ಕಾರ್ಪೊರೇಷನ್ ನಲ್ಲೀದಾ?"

ಅಕ್ಕ ಅಳು ನಿಲ್ಲಿಸಿ ಸೆರಗನ್ನು ನೋಡಿದಳು. ಹುಡುಗಿ ತನ್ನ ಸ್ಟೀಲಿನ ನೀರಿನ ಬಾಟಲಿಯ ಮುಚ್ಚಳ ತೆಗೆದು, ಒಳಗಿದ್ದುದನ್ನೆಲ್ಲ ಗಟಗಟ ಕುಡಿದು, ಕೆಮ್ಮುತ್ತಾ ಅದನ್ನು ನನ್ನ ಕೈಗೆ ಕೊಟ್ಟಳು. ನಾನು ಹಿಡಿದೆ. ಅಕ್ಕ ಒಂದು ತುದಿ, ಬೀಗಿತ್ತಿ ಇನ್ನೊಂದು ತುದಿ. ಇಬ್ಬರೂ ಸೇರಿ ಹಗ್ಗ ಹೊಸೆದ ಹಾಗೆ ಹಿಂಡಿದರು. ಸೀರೆ ಡ್ರೈಕ್ಲೀನಿಂಗಿಗೆ ಮಾತ್ರ ಕೊಡುವಂಥದು. ಬಣ್ಣ ಬಿಟ್ಟಿತು. ಬಾಟಲಿಗೆ ಇಳಿದ ನೀರು ಕೆಂಪಗಿತ್ತು.

"ಕೆಂಪಗೈತೆ," ಎಂದಳು ಅಕ್ಕ ಅನುಮಾನದಿಂದ.

"ಕುಂಕುಮದ ಬಣ್ಣ," ಎಂದರು ಬೀಗಿತ್ತಿ ತಕ್ಷಣ. "ತುಂಬಾ ಒಳ್ಳೇದು. ಹಿಂಡ್ರೀ ಇನ್ನೊಂದ್ಸಲ."

ದೋಣಿ ಅಲ್ಲಾಡುತ್ತಿದ್ದರಿಂದ ಒಂದಷ್ಟು ನನ್ನ ಷೂಗಳೊಳಗೂ ಇಳಿಯಿತು. ಬಾಟಲಿ ಅರ್ಧಕ್ಕಿಂತ ಮೇಲೆ ತುಂಬಿತು. ಅಕ್ಕ ಅದನ್ನು ಸೊಂಟದ ಮೇಲೆ ಬಿಂದಿಗೆಯ ಹಾಗೆ ಇಟ್ಟುಕೊಂಡು ಮೆಟ್ಟಿಲು ಹತ್ತಿದಳು. ಭಾನುವಾರ ಬೆಳಿಗ್ಗೆ ಚಪ್ಪರ ಎದ್ದಿತು, ಹೇಳಿದ ಮುಹೂರ್ತಕ್ಕೆ ಮದುವೆಯೂ ಆಯಿತು.

ಈಗ ನೆಂಟರಲ್ಲಿ ಒಬ್ಬೊಬ್ಬರು ಒಂದೊಂದು ಥರ ಹೇಳುತ್ತಾರೆ. ಬೀಗಿತ್ತಿ ಪೂರ್ತಿ ಮುಳುಗಿದ್ದರಂತೆ, ನಾನು ಕೆರೆಗೆ ಹಾರಿದೆನಂತೆ. ಹಾರಿಲ್ಲ. ನನಗೆ ಈಜು ಬರುವುದಿಲ್ಲ. ನಡೆದದ್ದು ಇಷ್ಟೇ, ಮೇಲೆ ಬರೆದಷ್ಟೇ. ನನ್ನ ಮಾತಿನಲ್ಲಿ ಅನುಮಾನವಿದ್ದವರು ನೋಡಿದ ಉಳಿದವರನ್ನು ಕೇಳಬಹುದು. ಅಕ್ಕ ಕೋಗಿಲಿನ ಮನೆಯಲ್ಲಿ ಗಟ್ಟಿಮುಟ್ಟಾಗಿದ್ದಾಳೆ. ಅವಳ ಮಗಳು ಈಗ ಆರ್.ಟಿ. ನಗರದಲ್ಲಿದ್ದಾಳೆ, ಕೇಳಿದವರಿಗೆಲ್ಲ ಹೇಳುತ್ತಾಳೆ. ಬೀಗಿತ್ತಿ ಇದ್ದಾರೆ, ಹೊಸ ಕನ್ನಡಕ ಕೊಂಡಿದ್ದಾರೆ. ದೋಣಿಯವನು ಇದ್ದಾನೆ, ನಮ್ಮನ್ನು ಕಂಡರೆ ಟಿಕೆಟ್ಟಿನ ಕಿಟಕಿ ಮುಚ್ಚಿಸುತ್ತಾನೆ. ಅವತ್ತು ನೀರಿನ ನಡುವಿನ ಗೂಟದ ಮೇಲೆ ಒಂದು ಹೆಜ್ಜಾರ್ಲೆ ಹಕ್ಕಿಯೂ ಕೂತಿತ್ತು, ನಮ್ಮ ಕಡೆಗೇ ಮುಖ ಮಾಡಿಕೊಂಡು. ಅದು ಈಗ ಇದೆಯೋ ಇಲ್ಲವೋ ನನಗೆ ತಿಳಿಯದು.