ಗಂಟೆ ತಗೊಂಡು ಬಾ

ಮದುವೆಯಾಗಿ ಬಂದ ನಾಲ್ಕನೆಯ ದಿನ ನಾನು ದೇವರ ಗಂಟೆಯನ್ನು ಎತ್ತಿಕೊಂಡು ಮುದ್ದೆ ಪಾತ್ರೆಯ ಹತ್ತಿರ ಹೋಗಿ ನಿಂತೆ. ಈಗ ಹೇಳಿದರೆ ಯಾರೂ ನಂಬುವುದಿಲ್ಲ.

ನಾನು ಮಾಲೂರಿನ ಹುಡುಗಿ. ಅಪ್ಪನಿಗೆ ಹೆಂಚಿನ ಕಾರ್ಖಾನೆಯಲ್ಲಿ ಕೆಲಸ, ಬಾಡಿಗೆ ಮನೆ, ನಾಲ್ಕೇ ಜನ. ಅಮ್ಮನ ಅಡುಗೆಯೆಲ್ಲ ಬತ್ತಿ ಸ್ಟೌ ಮೇಲೆ. ಹುಡುಗಿ ಓದಲಿ ಎಂದು ಅವಳು ನನ್ನನ್ನು ಅಡುಗೆಗೆ ಹೆಚ್ಚು ಕರೆಯಲಿಲ್ಲ. ಎಸ್ಸೆಸ್ಸೆಲ್ಸಿ ಮುಗಿಸಿ, ಹೊಲಿಗೆ ಕಲಿತು, ಎಪ್ಪತ್ತರ ದಶಕದ ಮಧ್ಯದಲ್ಲಿ ತಾಯಲೂರಿನ ಹತ್ತಿರದ ಹಳ್ಳಿಯೊಂದಕ್ಕೆ ಸೊಸೆಯಾಗಿ ಬಂದೆ. ಎರಡು ಎಕರೆ ರಾಗಿ ಹೊಲ, ಬಾವಿಯ ಪಕ್ಕದಲ್ಲಿ ಒಂದಿಷ್ಟು ಹಿಪ್ಪುನೇರಳೆ. ಮಾವ ತೀರಿಕೊಂಡು ವರ್ಷಗಳಾಗಿದ್ದವು. ಮನೆಯಲ್ಲಿ ಇದ್ದವರು ಅತ್ತೆ ಮತ್ತು ನನ್ನ ಗಂಡ.

ಅತ್ತೆಯ ತವರು ರಾಯಲ್ಪಾಡು. ಅವರು ಮಾತನಾಡುತ್ತಿದ್ದುದು ಕನ್ನಡವೇ, ಆದರೆ ಕೈಯಲ್ಲಿ ಕೆಲಸ ಹೆಚ್ಚಾದಾಗ ಅದರೊಳಗೆ ತೆಲುಗು ನುಗ್ಗಿಬಿಡುತ್ತಿತ್ತು. ಮಾಲೂರಿನ ಸಂತೆಯಲ್ಲಿ ನಾನೂ ತೆಲುಗು ಕೇಳಿದ್ದೆ, ಅಡುಗೆಮನೆಯ ತೆಲುಗು ಕೇಳಿರಲಿಲ್ಲ. ಆ ದಿನ ಅತ್ತೆ ನೆಲದ ಮೇಲೆ ಮಣೆ ಹಾಕಿಕೊಂಡು ಕೂತು ಮುದ್ದೆ ತಿರುವುತ್ತಿದ್ದರು. ಎರಡು ಕೈಯೂ ಕೋಲಿನ ಮೇಲೆ. ತಲೆಯೆತ್ತದೆ, "ಅಮ್ಮಾಯಿ, ಗಂಟೆ ತಗೊಂಡು ಬಾ, ಬೇಗ" ಅಂದರು.

ಮುದ್ದೆಗೆ ಗಂಟೆ ಏಕೆ ಎಂದು ಕೇಳುವ ಧೈರ್ಯ ನಾಲ್ಕು ದಿನದ ಸೊಸೆಗೆ ಎಲ್ಲಿಂದ ಬರಬೇಕು? ಪ್ರತಿ ಮನೆಗೂ ಒಂದು ಪದ್ಧತಿ ಇರುತ್ತದೆ, ಹಿಟ್ಟು ಬೆಂದ ಮೇಲೆ ಈ ಮನೆಯಲ್ಲಿ ಮಂಗಳಾರತಿ ಮಾಡುತ್ತಾರೇನೋ ಅಂದುಕೊಂಡೆ. ಕಾಲು ತೊಳೆದುಕೊಂಡು ದೇವರ ಗೂಡಿನಿಂದ ಹಿತ್ತಾಳೆಯ ಗಂಟೆಯನ್ನು ತೆಗೆದು, ಸದ್ದಾಗದಂತೆ ಅದರ ನಾಲಿಗೆ ಹಿಡಿದುಕೊಂಡು ತಂದು ನಿಂತೆ.

ಅತ್ತೆ ತಲೆಯೆತ್ತಿ ನೋಡಿದರು. ನನ್ನನ್ನೊಮ್ಮೆ, ಗಂಟೆಯನ್ನೊಮ್ಮೆ. ಆಮೇಲೆ ಕೈ ಒರೆಸಿಕೊಂಡು ಗಂಟೆ ಇಸಿದುಕೊಂಡು, ಹೊಗೆಯಾಡುವ ಪಾತ್ರೆಯ ಮೇಲೆ ಒಂದು ಸಲ ಬಾರಿಸಿ ನಕ್ಕರು.

"ಆಯ್ತು, ಹಿಟ್ಟಮ್ಮನಿಗೆ ಪೂಜೆ ಆಯ್ತು. ಇದನ್ನ ಅದರ ಜಾಗದಲ್ಲಿಟ್ಟು ಸೌಟು ತಗೊಂಡು ಬಾ."

ಅವರ ತವರಿನ ಕಡೆ ಸೌಟಿಗೆ ಗಂಟೆ ಅನ್ನುತ್ತಾರೆ ಎಂದು ಆಗ ಗೊತ್ತಾಯಿತು. ನಾನು ಅತ್ತೆ ಬೈಯುತ್ತಾರೆಂದು ಕಾದಿದ್ದೆ. ಅವರು ಬೈದದ್ದು ಸಂಜೆ, ಅದೂ ಬೇರೆ ವಿಷಯಕ್ಕೆ, ಕೊಡದ ಬಾಯಿಗೆ ಬಟ್ಟೆ ಕಟ್ಟಲಿಲ್ಲ ಎಂದು. ಆ ರಾತ್ರಿ ಮಲಗುವ ಮುಂಚೆ ದೇವರ ಮುಂದೆ ಎಣಿಸಿದೆ: ಗಂಟೆ ಬೀಳಿಸಲಿಲ್ಲ, ಅತ್ತೆ ನಕ್ಕರು, ಗಂಡ ಮನೆಯಲ್ಲಿರಲಿಲ್ಲ. ದಿನಕ್ಕೆ ಮೂರಾದರೂ ಒಳ್ಳೆಯದನ್ನು ಹೀಗೆ ಎಣಿಸುವ ಅಭ್ಯಾಸ ಅಮ್ಮನಿಂದ ಬಂದದ್ದು.

ಆ ಮನೆಯಲ್ಲಿ ನನಗೆ ಗೊತ್ತಿದ್ದ ಕೆಲಸ ಅತ್ತೆಗೆ ಗೊತ್ತಿರಲಿಲ್ಲ, ಅವರಿಗೆ ಗೊತ್ತಿದ್ದದ್ದು ನನಗೆ ಬರುತ್ತಿರಲಿಲ್ಲ. ನಾನು ತವರಿನಿಂದ ತಂದ ಸ್ಟೌವಿಗೆ ಹೊಸ ಬತ್ತಿ ಪೋಣಿಸುವುದನ್ನು ಅವರು ಗಲ್ಲಕ್ಕೆ ಕೈಕೊಟ್ಟು ನೋಡುತ್ತಿದ್ದರು. ಹೊಲಿಗೆ ಮಿಷಿನ್ನು ತುಳಿಯುವಾಗ ಅದರ ಚಕ್ರದಿಂದ ಎರಡು ಮಾರು ದೂರ ಕೂರುತ್ತಿದ್ದರು. ಆದರೆ ಮೊರಕ್ಕೆ ರಾಗಿ ಹಾಕಿ ಎರಡು ಸಲ ಎತ್ತಿ ಕುಕ್ಕಿದರೆ ಸಾಕು, ಸದ್ದು ಕೇಳಿಯೇ ಕಲ್ಲಿದೆಯೋ ಇಲ್ಲವೋ ಹೇಳುತ್ತಿದ್ದರು. ಮುದ್ದೆಯಂತೂ ಬೇರೆ ಯಾರ ಕೈಗೂ ಕೊಡುತ್ತಿರಲಿಲ್ಲ. ಎಸರು ಕುದಿಯುವಾಗ ಹಿಟ್ಟನ್ನು ನಡುವೆ ಗುಡ್ಡದಂತೆ ಸುರಿದು, ಕದಲಿಸದೆ ಬೇಯಿಸಿ, ಪಾತ್ರೆಯನ್ನು ನೆಲಕ್ಕೆ ಇಳಿಸಿ ಕವೆಗೋಲು ಸಿಕ್ಕಿಸುತ್ತಿದ್ದರು. ಕವೆಗೋಲು ಎಂದರೆ ಕವಲೊಡೆದ ಒಂದು ಹುಣಸೆ ಕೊಂಬೆ. ಮಾವ ಕಡಿದು ಕೆತ್ತಿ ಕೊಟ್ಟದ್ದಂತೆ. ಕವಲಿನ ನಡುವೆ ಪಾತ್ರೆಯ ಕಂಠ ಕೂರುತ್ತದೆ, ಅದರ ಬಾಲವನ್ನು ಕಾಲಿನಲ್ಲಿ ಒತ್ತಿ ಹಿಡಿದರೆ ಎಷ್ಟು ರಭಸವಾಗಿ ತಿರುವಿದರೂ ಪಾತ್ರೆ ಅಲ್ಲಾಡುವುದಿಲ್ಲ. ಆಮೇಲೆ ಒದ್ದೆ ಬೆರಳಿನಿಂದ ಮುಟ್ಟಿ ನೋಡುವುದು. ಅಂಟದಿದ್ದರೆ ಬೆಂದಿದೆ.

ನಾನು ಒಂದೆರಡು ಸಲ ತಿರುವಿದೆ. ಮುರಿದರೆ ಒಳಗೆ ಹಸಿ ಹಿಟ್ಟಿನ ಗಂಟುಗಳು. ಗಂಡ ಒಂದು ಗಂಟನ್ನು ತೆಗೆದು ತಟ್ಟೆಯ ಅಂಚಿಗಿಟ್ಟು, ಗೋಲಿ ಆಡೋಣವಾ ಎಂದು ಕೇಳಿದರು. ಅಲ್ಲಿಗೆ ನಾನು ಕೈಬಿಟ್ಟೆ. ಅತ್ತೆ ಇದ್ದಾರಲ್ಲ ಎಂದು.

ಎಂಬತ್ತರ ದಶಕ ಹುಟ್ಟಿದ ಮೇಲೆ ನನ್ನ ಗಂಡನಿಗೆ ಕೋಲಾರದಲ್ಲಿ ಗುಮಾಸ್ತೆ ಕೆಲಸ ಸಿಕ್ಕಿತು. ಹೊಲವನ್ನು ಅರ್ಧ ಬೆಳೆಯ ವಾರಕ್ಕೆ ಕೊಟ್ಟು, ಮನೆಯ ಬೀಗದ ಕೈಯನ್ನು ಪಕ್ಕದ ಮನೆಯಾಕೆಗೆ ಒಪ್ಪಿಸಿ, ನಾವು, ಅತ್ತೆ, ನಮ್ಮ ಮಗಳು ಸಾಮಾನಿನೊಂದಿಗೆ ಲಾರಿ ಹತ್ತಿದೆವು. ಅತ್ತೆ ಕವೆಗೋಲನ್ನೂ ಲಾರಿಗೆ ಹಾಕಿದ್ದರು. ಅದನ್ನು ತೆಗೆದು ಜಗಲಿಯ ಮೇಲಿಟ್ಟವಳು ನಾನೇ. "ಅಲ್ಲಿ ಗ್ಯಾಸು ಅತ್ತೆ, ಈ ಸೌದೆ ಎಲ್ಲ ಯಾಕೆ?" ಅಂದಿದ್ದೆ.

ಹೊಸ ಮನೆಯ ಅಡುಗೆಮನೆಯಲ್ಲಿ ಸೊಂಟದೆತ್ತರದ ಕಟ್ಟೆ, ಅದರ ಮೇಲೆ ಗ್ಯಾಸಿನ ಒಲೆ. ಹೊಗೆಯಿಲ್ಲ, ಮಸಿಯಿಲ್ಲ, ಕಡ್ಡಿ ಗೀರಿದರೆ ಬೆಂಕಿ. ನಾನಂತೂ ಮೊದಲ ದಿನ ಒಲೆಗೆ ಅರಿಸಿನ ಕುಂಕುಮ ಇಟ್ಟು ಕೈಮುಗಿದೆ. ಅತ್ತೆ ಬಾಗಿಲಲ್ಲೇ ನಿಂತು ನೋಡಿ, "ನಿಂತ್ಕೊಂಡು ಬಸ್ಸು ಕಾಯ್ತಾರೆ ಅಮ್ಮಾಯಿ, ಅಡ್ಗೆ ಮಾಡ್ತಾರಾ?" ಅಂದರು. ಆದರೂ ಮುದ್ದೆ ಬಿಟ್ಟುಕೊಡಲಿಲ್ಲ. ಗಿಡ್ಡ ಹೆಂಗಸು, ಕೈಗೆ ಎತ್ತರ ಸಾಲದೆ ಮಣೆಯನ್ನೇ ಮೆಟ್ಟಿಲು ಮಾಡಿಕೊಂಡು ಅದರ ಮೇಲೆ ಹತ್ತಿ ನಿಂತು ತಿರುವುತ್ತಿದ್ದರು. ಬಲಗೈಯಲ್ಲಿ ಕೋಲು, ಎಡಗೈಯಲ್ಲಿ ಇಕ್ಕಳ. ಕೂತು ಮಾಡುವಾಗ ಇಡೀ ಮೈಯ ಭಾರ ಕೋಲಿನ ಮೇಲೆ ಬೀಳುತ್ತಿತ್ತು. ಇಲ್ಲಿ ಬರೀ ರಟ್ಟೆಯ ಬಲ.

ಒಂದು ಮಧ್ಯಾಹ್ನ ಇಕ್ಕಳ ಜಾರಿತು. ಪಾತ್ರೆ ಒಲೆಯ ಮೇಲಿಂದ ವಾಲಿ ಬಿಸಿ ಹಿಟ್ಟು ಅತ್ತೆಯ ಎಡಗಾಲಿನ ಮೇಲೆ ಬಿತ್ತು. ಪಾದದ ಮೇಲೆಲ್ಲ ಬೊಬ್ಬೆ. ಮುಖಕ್ಕೆ ಬೀಳಲಿಲ್ಲ, ಕಣ್ಣಿಗೆ ಹಾರಲಿಲ್ಲ, ಮಗಳು ಹತ್ತಿರ ಇರಲಿಲ್ಲ ಎಂದು ನಾನು ಎಣಿಸಿಕೊಂಡೆ. ಆದರೆ ಆ ಸಂಜೆ ನನ್ನ ಗಂಡ ತಾಯಿಯ ಕಾಲು ನೋಡಿ ಕಣ್ಣೀರು ಹಾಕಿಕೊಂಡು, ಇನ್ನು ಮೇಲೆ ಅಮ್ಮ ಅಡುಗೆಮನೆಗೆ ಹೋಗಕೂಡದು, ಕೂತು ಊಟ ಮಾಡಲಿ, ಜೀವಮಾನವೆಲ್ಲ ದುಡಿದದ್ದು ಸಾಕು ಅಂದರು. ಪ್ರೀತಿಯಿಂದಲೇ ಹೇಳಿದ ಮಾತು.

ಮರುದಿನದಿಂದ ಮುದ್ದೆ ನನ್ನ ಪಾಲಿಗೆ ಬಂತು. ಮತ್ತೆ ಅದೇ ಗಂಟುಗಳು. ಅತ್ತೆ ತಟ್ಟೆಗೆ ಹಾಕಿದ್ದನ್ನು ಹಾಕಿದಂತೆ ನುಂಗಿ, ಕೈತೊಳೆದು, ಮುಂಬಾಗಿಲಲ್ಲಿ ಕೂರುತ್ತಿದ್ದರು. ಗಂಟು ಎನ್ನಲಿಲ್ಲ, ಹಸಿ ಎನ್ನಲಿಲ್ಲ. ಕೊಡದ ಬಾಯಿಗೆ ಬಟ್ಟೆ ಕಟ್ಟದೆ ಬಿಟ್ಟರೂ ಬೈಯಲಿಲ್ಲ. ಹೀಗೆ ಒಂದು ತಿಂಗಳು ಹೋಯಿತು. ಬೈಗುಳವಿಲ್ಲದ ಮನೆ ಅಷ್ಟು ಭಣಗುಟ್ಟುತ್ತದೆ ಎಂದು ನನಗೆ ಗೊತ್ತಿರಲಿಲ್ಲ.

ಕಾಲು ಮಾಯ್ದ ಮೇಲೆ ಅವರು ಮಗನನ್ನು ಕರೆದು, ಭಾನುವಾರ ನನ್ನನ್ನು ರಾಯಲ್ಪಾಡಿಗೆ ಬಿಟ್ಟು ಬಾ ಅಂದರು. ಮಾವಿನಕಾಯಿ ಇಳಿಸುವ ಕಾಲ, ತಮ್ಮನ ಮನೆಯಲ್ಲಿ ಕೆಲಸಕ್ಕೆ ಕೈ ಸಾಲದಂತೆ. ಗಂಡ ಒಪ್ಪಿಕೊಂಡರು, ಶ್ರೀನಿವಾಸಪುರದ ಬಸ್ಸಿನ ಹೊತ್ತೂ ವಿಚಾರಿಸಿ ಬಂದರು. ಎಷ್ಟು ದಿನ ಎಂದು ಮಾತ್ರ ಅವರು ಕೇಳಲಿಲ್ಲ. ನಾನು ಕೇಳಿದೆ, ಮಲ್ಲಿಗೆ ಕಟ್ಟುತ್ತ ಇಬ್ಬರೇ ಕೂತಿದ್ದಾಗ. ಯಾವಾಗ ಬರ್ತೀರಿ ಅಂದರೆ, ನೋಡಾಣ ಅಂದರು. ನನ್ನ ಮೇಲೆ ಕೋಪವಾ ಅಂದೆ.

"ಕೋಪ ಯಾಕೆ ಅಮ್ಮಾಯಿ? ಕೂತ್ಕೊಂಡು ತಿನ್ನೋರು ನೆಂಟರು. ನೆಂಟರು ಅಂದ್ಮೇಲೆ ಒಂದಿನ ಹೊರಡಬೇಕಲ್ಲ."

ಹೂವಿನ ದಾರ ನನ್ನ ಕೈಯಲ್ಲೇ ಸಿಕ್ಕಾಯಿತು. ಕೋಲಾರಕ್ಕೆ ಬಂದ ದಿನ ಜಗಲಿಯ ಮೇಲೆ ನಾನು ಬಿಟ್ಟುಬಂದದ್ದು ಬರೀ ಕೊಂಬೆಯಲ್ಲ ಎಂದು ಅಂದು ತಿಳಿಯಿತು. ಅವರನ್ನು ಕೂರಿಸಿ ಕೆಲಸ ಮಾಡಿಸುತ್ತಿದ್ದದ್ದೇ ಅದು.

ಶನಿವಾರ ಬೆಳಗ್ಗೆ ಕುರುಡುಮಲೆಗೆ ಹರಕೆ ಇದೆ ಎಂದು ಹೇಳಿ ಹೊರಟೆ. ಸುಳ್ಳಾಗಬಾರದೆಂದು ಮುಳಬಾಗಿಲಿನಲ್ಲಿ ಇಳಿದು ಮೊದಲು ಅಲ್ಲಿಗೇ ಹೋದೆ. ಅಷ್ಟೆತ್ತರದ ಗಣಪನ ಮುಂದೆ ನಿಂತು ಒಂದು ಹುಣಸೆ ಕೊಂಬೆ ಕೇಳಲು ನಾಚಿಕೆಯಾಯಿತು. ಆದರೂ ಕೇಳಿದೆ. ಯಾರೂ ಅದನ್ನು ಒಲೆಗೆ ಹಾಕಿರಬಾರದಪ್ಪಾ, ಅಷ್ಟೇ. ಅಲ್ಲಿಂದ ಮುಳಬಾಗಿಲಿಗೆ ಬಂದು ತಾಯಲೂರಿನ ಬಸ್ಸು ಹಿಡಿದು ನಮ್ಮ ಹಳ್ಳಿಗೆ ಹೋದಾಗ ಬಿಸಿಲು ನೆತ್ತಿಗೆ ಬಂದಿತ್ತು.

ಜಗಲಿ ಖಾಲಿ. ಪಕ್ಕದ ಮನೆಯಾಕೆಯನ್ನು ಕೇಳಿದರೆ ಆಕೆ ಸುಮ್ಮನೆ ಹಿತ್ತಲ ಕಡೆ ಬೆರಳು ತೋರಿಸಿದಳು. ಕವೆಗೋಲು ಆಕೆಯ ಕೋಳಿಗೂಡಿನ ಬಾಗಿಲು ಬೀಳದಂತೆ ಒತ್ತುಕೊಟ್ಟು ನಿಂತಿತ್ತು. ಅದನ್ನು ಕೊಡು ಎಂದು ಕೇಳಿದ್ದಕ್ಕೆ, ಕೋಲಾರದಲ್ಲಿ ಕಟ್ಟಿಗೆಗೂ ಬರ ಬಂತಾ ಎಂದು ಕೇಳಿದಳು. ಕೊಟ್ಟಳು. ಬಾಗಿಲಿಗೆ ಒಂದು ಕಲ್ಲು ಉರುಳಿಸಿಕೊಂಡಳು. ಬಾವಿಯ ಹತ್ತಿರ ಮೂರು ಸಲ ಉಜ್ಜಿ ತೊಳೆದೆ.

ವಾಪಸು ಬಸ್ಸಿನಲ್ಲಿ ಕೋಲು ಎಲ್ಲರ ಸೀರೆಗೂ ಪಂಚೆಗೂ ಸಿಕ್ಕಿಕೊಳ್ಳುತ್ತಿತ್ತು. ಕಂಡಕ್ಟರು ಟಿಕೇಟು ಹರಿಯುತ್ತ, "ಏನಮ್ಮಾ, ಇಷ್ಟು ದಪ್ಪ ಕೋಲು ಯಾರಿಗೆ?" ಎಂದು ಕೇಳಿದ.

"ನಮ್ಮತ್ತೆಗೆ ಕಣಪ್ಪ" ಅಂದೆ.

ಬಸ್ಸಿಗೆ ಬಸ್ಸೇ ನಕ್ಕಿತು. ಹಿಂದಿನ ಸೀಟಿನ ಮುದುಕಿಯೊಬ್ಬಳು, ಕಾಲ ಕೆಟ್ಟೋಯ್ತು ಎಂದು ತಲೆ ಚಚ್ಚಿಕೊಂಡಳು. ನಾನು ಏನು ಹೇಳಿಬಿಟ್ಟೆ ಎಂದು ನನಗೆ ಅರ್ಥವಾಗುವ ಹೊತ್ತಿಗೆ ಬಸ್ಸು ಎಲ್ಲಿ ನಿಲ್ಲಬೇಕು ಎಂದು ಯಾರೋ ಜಗಳ ತೆಗೆದು ನನ್ನನ್ನು ಉಳಿಸಿದರು.

ದೀಪ ಹಚ್ಚುವ ಹೊತ್ತಿಗೆ ಮನೆ ಸೇರಿದೆ. ಮುಂಬಾಗಿಲ ಪಕ್ಕದಲ್ಲಿ ಅತ್ತೆಯ ಬಟ್ಟೆಗಂಟು ಆಗಲೇ ಕಟ್ಟಿ ಕೂತಿತ್ತು. ಕೋಲನ್ನು ಹಿತ್ತಲಿನಿಂದ ಒಳಗೆ ತಂದು, ದೇವರಿಗೆ ದೀಪ ಹಚ್ಚಿ, ಎಸರಿಟ್ಟೆ. ಹಿಟ್ಟು ಹಾಕಿ ಗ್ಯಾಸಿನ ಮೇಲೇ ಬೇಯಿಸಿದೆ. ಬೆಂದ ಮೇಲೆ ಪಾತ್ರೆಯನ್ನು ಕೆಳಗಿಳಿಸಿ, ಗೋಡೆಯ ಪಕ್ಕದಲ್ಲಿ ಮಣೆ ಹಾಕಿ, ಕವೆಗೋಲು ಇಟ್ಟು ಅತ್ತೆಯನ್ನು ಕರೆದೆ. ಹಿಟ್ಟು ಬೆಂದಿದೆ, ನನ್ನ ಕೈಲಿ ತಿರುವೋಕೆ ಆಗ್ತಿಲ್ಲ ಅಂದೆ. ಅದು ನಿಜವೂ ಹೌದು.

ಅತ್ತೆ ಬಾಗಿಲಲ್ಲಿ ನಿಂತು ಕೋಲನ್ನೇ ನೋಡಿದರು.

"ಇದು ಎಲ್ಲಿತ್ತು?"

"ಕೋಳಿ ಕಾಯ್ತಿತ್ತು ಅತ್ತೆ."

ಅವರು ಬಂದು ಕೂತರು. ಹುಣಸೆ ಕವಲು ಪಾತ್ರೆಯ ಕಂಠಕ್ಕೆ ಕೂತಿತು, ಮಾಯ್ದ ಕಾಲು ಅದರ ಬಾಲದ ಮೇಲೆ ಕೂತಿತು. ಸದ್ದು ಕೇಳಿ ಗಂಡ ಎದ್ದು ಬಂದರು. ಬೇಡಮ್ಮಾ, ಮತ್ತೆ ಬೀಳುತ್ತೆ ಅಂದರು.

"ನೆಲದ ಮೇಲಿಂದ ಇನ್ನೆಲ್ಲಿಗೆ ಬೀಳ್ತದೆ ನಾಯನಾ?" ಎಂದು ಅತ್ತೆ ಹಿಟ್ಟಿಗೆ ಮುದ್ದೆಕೋಲು ಹಾಕಿದರು.

ಅವರ ಬೆನ್ನು ಮುಂದಕ್ಕೂ ಹಿಂದಕ್ಕೂ ತೂಗತೊಡಗಿತು. ಗಂಡ ಬಾಗಿಲಲ್ಲೇ ನಿಂತುಬಿಟ್ಟರು. ಹಿಟ್ಟು ನಯವಾಗಿ ಪಾತ್ರೆಯ ಅಂಚು ಬಿಟ್ಟು ಬರುತ್ತಿದ್ದಾಗ ಅತ್ತೆ ತಲೆಯೆತ್ತದೆ ಮೊಮ್ಮಗಳನ್ನು ಕೂಗಿದರು. "ಪಾಪಾ, ಗಂಟೆ ನೋಡು, ಬೇಗ."

ಮಗಳು ಪುಸ್ತಕ ಕೆಳಗಿಟ್ಟು, ಗೋಡೆ ಗಡಿಯಾರ ನೋಡಿ, "ಏಳೂ ಕಾಲು ಅಜ್ಜಿ" ಅಂದಳು.

ಅತ್ತೆಯ ಕೋಲು ನಿಂತಿತು. ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಆಮೇಲೆ ಇಬ್ಬರಿಗೂ ಬಂದ ನಗು ನಿಲ್ಲಲೇ ಇಲ್ಲ. ಅಜ್ಜಿಗೆ ಸೌಟು, ಅಮ್ಮನಿಗೆ ದೇವರ ಗಂಟೆ, ಮೊಮ್ಮಗಳಿಗೆ ಗಡಿಯಾರ. ಏನಾಯಿತು ಎಂದು ಕೇಳಿದ ಮಗಳಿಗೆ ಅತ್ತೆ ಹಳೆಯ ಕಥೆಯನ್ನೆಲ್ಲ ಹೇಳಿದರು. ನನ್ನ ಗಂಡನೂ ಅದನ್ನು ಕೇಳಿದ್ದು ಅಂದೇ. ಅಷ್ಟು ವರ್ಷ ಅವರು ಮಗನಿಗೂ ಹೇಳದೆ ಇಟ್ಟುಕೊಂಡಿದ್ದರು.

ಹಿಟ್ಟು ಆರುತ್ತಿತ್ತು. ಬಿಸಿ ಪಾತ್ರೆ ಹಿಡಿಯಲು ಒಂದು ಬಟ್ಟೆ ಬೇಕೆಂದು ಅತ್ತೆ ಸುತ್ತ ನೋಡಿ, ಆ ಬಟ್ಟೆಗಂಟಿನಲ್ಲಿ ಮೇಲೆಯೇ ಒಂದು ಹಳೇ ಸೀರೆ ತುಂಡಿದೆ, ತಗೊಂಡು ಬಾ ಎಂದು ಮಗಳಿಗೆ ಹೇಳಿದರು. ಮಗಳು ಬಾಗಿಲ ಹತ್ತಿರ ಹೋಗಿ ಗಂಟು ಬಿಚ್ಚಿದಳು. ಮತ್ತೆ ಕಟ್ಟಲು ಯಾರೂ ಹೇಳಲಿಲ್ಲ, ಅವಳೂ ಕಟ್ಟಲಿಲ್ಲ.

ಊಟಕ್ಕೆ ಸೊಪ್ಪಿನ ಸಾರು. ಅತ್ತೆ ಮೊದಲ ತುತ್ತು ಮುರಿದು ನುಂಗಿ, ನನ್ನ ಕಡೆ ತಿರುಗಿದರು.

"ಎಸರಿಟ್ಟಿದ್ದು ನೀನೇ ತಾನೆ? ಒಂದು ಲೋಟ ನೀರು ಜಾಸ್ತಿ. ಇಷ್ಟು ವರ್ಷ ಏನು ನೋಡ್ತಾ ಇದ್ದೆ ನೀನು?"

ತಿಂಗಳಾದ ಮೇಲೆ ಬಂದ ಮೊದಲ ಬೈಗುಳ. ಆ ರಾತ್ರಿ ದೇವರ ಮುಂದೆ ಕೂತಾಗ ಎಲ್ಲಕ್ಕಿಂತ ಮೊದಲು ಅದನ್ನೇ ಎಣಿಸಿದೆ.